ಸೊನ್ನೆ ಬಂದರೆ ಪಾಸು

ಮಕ್ಕಳೇ, ಪರೀಕ್ಷೆಯಲ್ಲಿ ಸೊನ್ನೆ ತೆಗೆದುಕೊಂಡು ಮನೆಗೆ ಬಂದರೆ ಯಾರಾದರೂ ಬೆನ್ನು ತಟ್ಟುತ್ತಾರೆಯೇ? ನಾನು ಚಿಕ್ಕವನಿದ್ದಾಗ ತಟ್ಟುತ್ತಿದ್ದರು, ಆದರೆ ಆ ತಟ್ಟುವುದು ಬೇರೆ ತರಹದ್ದು. ಹೋದ ತಿಂಗಳು ನನ್ನ ಮಗನಿಗೆ ಸೊನ್ನೆ ಬಂತು. ಏಳನೇ ತರಗತಿಯಲ್ಲಿರುವ ಅವನ ಮಗ ಹಿಂದಿನ ಸೀಟಿನಲ್ಲಿ ಕೂತು ಚಪ್ಪಾಳೆ ಹೊಡೆದ.

ನೆಂಟರ ಮನೆಯ ಆರತಕ್ಷತೆ ಮುಗಿಸಿಕೊಂಡು ಮೈಸೂರಿನ ರಿಂಗ್ ರೋಡಿನಲ್ಲಿ ಮನೆಗೆ ಬರುತ್ತಿದ್ದೆವು. ರಾತ್ರಿ ಹನ್ನೊಂದರ ಹತ್ತಿರ. ಪೊಲೀಸಿನವರು ಬ್ಯಾರಿಕೇಡ್ ಇಟ್ಟು ಒಂದೊಂದೇ ಗಾಡಿ ನಿಲ್ಲಿಸುತ್ತಿದ್ದರು. ಮಗ ಗಾಜು ಇಳಿಸಿದ. ಒಬ್ಬರು ಕೈಗೆ ಹಿಡಿಯುವಷ್ಟರ ಒಂದು ಯಂತ್ರವನ್ನು ಅವನ ಬಾಯಿಯ ಹತ್ತಿರ ತಂದು, "ಜೋರಾಗಿ ಊದಿ ಸಾರ್, ಇನ್ನೂ, ಇನ್ನೂ" ಎಂದರು. ಯಂತ್ರ ಕುಯ್ ಎಂದಿತು. ಪರದೆಯ ಮೇಲೆ ಸಾಲಾಗಿ ಸೊನ್ನೆಗಳು.

"ತಾತ, ಅಪ್ಪಂಗೆ ಸೊನ್ನೆ!" ಎಂದ ಮೊಮ್ಮಗ. ಪೊಲೀಸಿನವರಿಗೂ ನಗು ಬಂತು.

ಪಕ್ಕದಲ್ಲಿ ಇನ್ನೊಂದು ಕಾರು ನಿಂತಿತ್ತು. ಅದರ ಚಾಲಕ ಕೆಳಗಿಳಿದು, ಎರಡು ಬೆರಳು ಎತ್ತಿ ತೋರಿಸುತ್ತ, "ಎರಡೇ ಸಾರ್, ಎರಡೇ" ಎಂದು ಬೇಡಿಕೊಳ್ಳುತ್ತಿದ್ದ. ಕಾರಿನೊಳಗೆ ಒಬ್ಬ ಹೆಂಗಸು, ತೊಡೆಯ ಮೇಲೆ ನಿದ್ದೆಹೋದ ಮಗು. ಮೊಮ್ಮಗ ಅದಕ್ಕೂ ನಕ್ಕ. ನನಗೆ ನಗು ಬರಲಿಲ್ಲ. "ಎರಡೇ" ಎಂಬ ಆ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೇನೆ. ಅದನ್ನು ಆಮೇಲೆ ಹೇಳುತ್ತೇನೆ.

ಮನೆಗೆ ಬಂದ ಮೇಲೆ ಹುಡುಗ ನಿದ್ದೆ ಮಾಡಬೇಕಲ್ಲ!

"ಎಷ್ಟು ಬಂದ್ರೆ ಹಿಡೀತಾರೆ ತಾತ?"

"ಮೂವತ್ತು ದಾಟಿದ್ರೆ."

"ಮೂವತ್ತು ಏನು?"

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಅಂಕಿ ಬರೆದವನಿಗೆ ಇಂಥ ಪ್ರಶ್ನೆ ಬಂದರೆ ಹಬ್ಬ. ಕಾಗದ, ಪೆನ್ಸಿಲ್ ತಂದೆವು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯ 185ನೇ ಕಲಂ ಹೇಳುವುದು ಇಷ್ಟು: ಗಾಡಿ ಓಡಿಸುವವನ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ 30 ಮಿಲಿಗ್ರಾಂ ಮೀರಿದ್ದರೆ ಅಪರಾಧ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಅಂದರೆ ನೂರು ನೂರು ಮಿಲಿಲೀಟರಿನ 50 ಪಾಲು. ಐವತ್ತು ಸಲ ಮೂವತ್ತು, 1500 ಮಿಲಿಗ್ರಾಂ. ಒಂದೂವರೆ ಗ್ರಾಂ! ಒಂದು ಟೀ ಚಮಚ ಸಕ್ಕರೆಯ ಮೂರನೇ ಒಂದು ಪಾಲು. ಕುಡಿದದ್ದೆಲ್ಲ ರಕ್ತದಲ್ಲೇ ಉಳಿಯುವುದಿಲ್ಲ, ಮೈಯಲ್ಲಿರುವ ನೀರಿಗೆಲ್ಲ ಹಂಚಿಹೋಗುತ್ತದೆ. ಆದರೂ ಐದು ಲೀಟರ್ ರಕ್ತದಲ್ಲಿ ಇಷ್ಟು ಚೂರು ಸೇರಿದರೆ ಸಾಕು, ಕಾನೂನು "ಕೆಳಗಿಳಿ" ಎನ್ನುತ್ತದೆ.

ಊದಿದರೆ ರಕ್ತದ ಲೆಕ್ಕ ಹೇಗೆ ಸಿಗುತ್ತದೆ ಎಂದು ಕೇಳಿದ. ರಕ್ತ ಶ್ವಾಸಕೋಶದ ಮೂಲಕ ಹಾದುಹೋಗುವಾಗ ಅದರಲ್ಲಿರುವ ಮದ್ಯಸಾರ ಸ್ವಲ್ಪ ಆವಿಯಾಗಿ ಉಸಿರಿಗೆ ಸೇರುತ್ತದೆ. ಸರಿಸುಮಾರು 2 ಲೀಟರ್ ಉಸಿರಿನಲ್ಲಿ ಇರುವಷ್ಟು ಮದ್ಯಸಾರ 1 ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ. ಆ ಲೆಕ್ಕದಿಂದ ಯಂತ್ರ ಉಸಿರನ್ನು ಅಳೆದು ರಕ್ತದ ಅಂಕಿ ಹೇಳುತ್ತದೆ. ಅದಕ್ಕೇ "ಇನ್ನೂ, ಇನ್ನೂ" ಎಂದು ಊದಿಸುವುದು. ಎದೆಯ ಆಳದ ಗಾಳಿ ಬರಬೇಕು, ಬಾಯಿಯ ಗಾಳಿ ಸಾಲದು.

"ಹಾಗಾದ್ರೆ ಇಪ್ಪತ್ತೊಂಬತ್ತು ಇದ್ರೆ ಪಾಸಾ?"

ಇದು ಮಕ್ಕಳಿಗೆ ಮಾತ್ರ ಹೊಳೆಯುವ ಪ್ರಶ್ನೆ ಎಂದುಕೊಳ್ಳಬೇಡಿ. ದೊಡ್ಡವರೂ ಬಾರಿನ ಮೇಜಿನ ಮುಂದೆ ಕೂತು ಇದನ್ನೇ ಲೆಕ್ಕ ಹಾಕುತ್ತಾರೆ. ಎಷ್ಟು ಲೋಟಕ್ಕೆ ಎಷ್ಟು ಅಂಕಿ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಮೈತೂಕ, ಗಂಡೋ ಹೆಣ್ಣೋ, ಊಟ ಆಗಿದೆಯೋ ಇಲ್ಲವೋ, ಎಷ್ಟು ಹೊತ್ತಿನಲ್ಲಿ ಕುಡಿದದ್ದು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಹಾಗಾಗಿ ಆ ಲೆಕ್ಕ ಯಾವತ್ತೂ ಟ್ಯಾಲಿ ಆಗುವುದಿಲ್ಲ. ಪಿತ್ತಜನಕಾಂಗ ತನ್ನ ಪಾಡಿಗೆ ತಾನು ಗಂಟೆಗೆ ಸುಮಾರು 10ರಿಂದ 20 ಮಿಲಿಗ್ರಾಮಿನಂತೆ ಕರಗಿಸುತ್ತ ಹೋಗುತ್ತದೆ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು ಸ್ನಾನ, ಕಾಫಿ ಇವು ಯಾವುವೂ ಅದನ್ನು ಅವಸರಪಡಿಸಲಾರವು. ರಾತ್ರಿ ಬಹಳ ಹೊತ್ತು ಕುಡಿದವನು ಬೆಳಗ್ಗೆ ಮಗುವನ್ನು ಸ್ಕೂಲಿಗೆ ಬಿಡಲು ಹೊರಟಾಗಲೂ ಒಳಗೆ ಅಂಕಿ ಉಳಿದಿರಬಹುದು.

ಇನ್ನು 29ರ ವಿಷಯ. 60 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಎಷ್ಟು ದೂರ ಹೋಗುತ್ತದೆ? ಲೆಕ್ಕ ಮಾಡಿ ನೋಡಿ. 16 ಮೀಟರಿಗಿಂತ ಹೆಚ್ಚು. ಕಣ್ಣು ಕಂಡದ್ದನ್ನು ಕಾಲು ತಿಳಿದು ಬ್ರೇಕ್ ಒತ್ತುವುದು ಅರ್ಧ ಸೆಕೆಂಡ್ ತಡವಾದರೆ ಗಾಡಿ 8 ಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ನಿಮ್ಮ ತರಗತಿ ಕೋಣೆಯ ಉದ್ದ ಇರಬಹುದು ಅದು. ಮದ್ಯಸಾರ ಮೊದಲು ಕೆಡಿಸುವುದು ಆ ಅರ್ಧ ಸೆಕೆಂಡನ್ನು. ಅದು 30ಕ್ಕೆ ಕಾದು ಕೂತು ಆಮೇಲೆ ಶುರುಮಾಡುವುದಿಲ್ಲ.

ಅದಕ್ಕೇ ಹಲವು ದೇಶಗಳು ಈ ಅಂಕಿಯನ್ನು ಮೆಟ್ಟಿಲಿಳಿಸುತ್ತ ಬಂದಿವೆ. ನಾರ್ವೆ 1936ರಷ್ಟು ಹಿಂದೆಯೇ 50 ಎಂದು ಗೊತ್ತುಮಾಡಿತ್ತು, 2001ರಲ್ಲಿ 20ಕ್ಕೆ ಇಳಿಸಿತು. ಸ್ವೀಡನ್ 1990ರಲ್ಲೇ 20ಕ್ಕೆ ಬಂದಿತ್ತು. ಅಮೆರಿಕದ ರಾಜ್ಯಗಳಲ್ಲಿ 80 ಇದ್ದದ್ದನ್ನು ಯೂಟಾ ಎಂಬ ರಾಜ್ಯ 2018ರ ಕೊನೆಯಲ್ಲಿ 50 ಮಾಡಿತು. ನಮ್ಮದು ಮಾತ್ರ ತಮಾಷೆ. 1988ರ ಕಾಯಿದೆ ಮೊದಲು ಬಂದಾಗ, ರಕ್ತದಲ್ಲಿ ಎಷ್ಟೇ ಅಲ್ಪ ಪ್ರಮಾಣದ ಮದ್ಯಸಾರ ಇದ್ದರೂ ತಪ್ಪು ಎಂದೇ ಇತ್ತು. 1994ರ ತಿದ್ದುಪಡಿಯಲ್ಲಿ 30 ಎಂಬ ಅಂಕಿ ಬಂತು. ಬೇರೆಯವರು ಮೇಲಿನಿಂದ ಕೆಳಗೆ ಬರುತ್ತಿದ್ದಾಗ ನಾವು ಕೆಳಗಿನಿಂದ ಮೇಲೆ ಹತ್ತಿದೆವು! ಆದರೂ 30 ಎಂಬುದು ಜಗತ್ತಿನ ಲೆಕ್ಕದಲ್ಲಿ ಬಿಗಿಯಾದ ಅಂಕಿಯೇ. ಅಂಕಿ ಬಿಗಿಯಾಗಿದ್ದರೆ ಸಾಕೇ ಎಂಬುದು ಬೇರೆ ಮಾತು.

ಸ್ಕಾಟ್ಲೆಂಡಿನ ಕತೆ ಕೇಳಿ. ಬ್ರಿಟನ್ನಿನಲ್ಲಿ 1967ರಲ್ಲಿ 80 ಎಂದು ಕಾನೂನು ಬಂತು. ಸ್ಕಾಟ್ಲೆಂಡ್ ತನ್ನ ಪಾಲಿಗೆ 2014ರ ಡಿಸೆಂಬರ್ 5ರಿಂದ ಅದನ್ನು 50ಕ್ಕೆ ಇಳಿಸಿತು. ಎಲ್ಲರೂ ಮೆಚ್ಚಿದರು. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಆಮೇಲಿನ ಎರಡು ವರ್ಷಗಳ ಅಪಘಾತಗಳನ್ನು ಪಕ್ಕದ ಇಂಗ್ಲೆಂಡ್, ವೇಲ್ಸ್‌ನ ಲೆಕ್ಕದ ಜೊತೆ ಇಟ್ಟು ನೋಡಿದರೆ ಅಪಘಾತ ಕಡಿಮೆಯಾಗಿರಲಿಲ್ಲ. ಅಂಕಿ ಇಳಿಯಿತು, ಅದಕ್ಕೆ ತಕ್ಕಂತೆ ರಸ್ತೆಯಲ್ಲಿ ನಿಲ್ಲಿಸಿ ಊದಿಸುವುದು ಹೆಚ್ಚಲಿಲ್ಲ ಎಂಬುದನ್ನು ಅದಕ್ಕೆ ಒಂದು ಕಾರಣವಾಗಿ ಹೇಳಿದರು. ಲೆಡ್ಜರಿನಲ್ಲಿ ಬರೆದುಬಿಟ್ಟರೆ ದುಡ್ಡು ಬಂದಂತಾಗುವುದಿಲ್ಲ, ಕ್ಯಾಶ್ ಪೆಟ್ಟಿಗೆ ಎಣಿಸಬೇಕು. ಇದನ್ನು ನಮ್ಮ ಮ್ಯಾನೇಜರೊಬ್ಬರು ದಿನವೂ ಹೇಳುತ್ತಿದ್ದರು. ಆಗ ಕಿರಿಕಿರಿಯಾಗುತ್ತಿತ್ತು.

ಅಂಕಿ ಇಳಿಸಿ ಫಲ ಕಂಡವರು ಜಪಾನಿನವರು. ಅಲ್ಲೂ ಮಿತಿ ಈಗ ನಮ್ಮದೇ 30. ಮೊದಲು 50 ಇತ್ತು. ಅದು ಇಳಿದ ಕತೆ ಸುಖದ್ದಲ್ಲ. ಸಣ್ಣ ಮಕ್ಕಳಿಗೆ ಓದಿ ಹೇಳುವ ಅಜ್ಜ ಅಜ್ಜಿಯರು ಮುಂದಿನ ಭಾಗವನ್ನು ಮೊದಲು ತಾವು ಓದಿಕೊಂಡರೆ ಒಳ್ಳೆಯದು.

1999ರ ನವೆಂಬರ್ 28. ಟೋಕಿಯೊ ನಗರಕ್ಕೆ ಸೇರುವ ತೋಮೇಯ್ ಹೆದ್ದಾರಿಯಲ್ಲಿ ಒಂದು ಕುಟುಂಬ ಕಾರಿನಲ್ಲಿ ಹೋಗುತ್ತಿತ್ತು. ಹಿಂದಿನಿಂದ ಒಂದು ದೊಡ್ಡ ಲಾರಿ ಬಂದು ಗುದ್ದಿತು. ಲಾರಿಯ ಚಾಲಕ ಕುಡಿದಿದ್ದ. ಕಾರಿಗೆ ಬೆಂಕಿ ಹತ್ತಿತು. ತಾಯಿ ತಂದೆ ಉಳಿದರು. ಮೂರು ವರ್ಷದ ಒಬ್ಬಳು, ಒಂದು ವರ್ಷದ ಇನ್ನೊಬ್ಬಳು, ಇಬ್ಬರು ಹೆಣ್ಣುಮಕ್ಕಳು ಉಳಿಯಲಿಲ್ಲ. ಚಾಲಕನಿಗೆ ಆದ ಶಿಕ್ಷೆ ನಾಲ್ಕು ವರ್ಷ.

ಆ ತಾಯಿ ತಂದೆ ಮನೆಯೊಳಗೆ ಕೂರಲಿಲ್ಲ. ತಮ್ಮಂತೆಯೇ ಮನೆಯವರನ್ನು ಕಳೆದುಕೊಂಡವರ ಜೊತೆ ಸೇರಿ ಬೀದಿಯಲ್ಲಿ ನಿಂತು ಸಹಿ ಕೂಡಿಸಿದರು. ಮೂರು ಲಕ್ಷಕ್ಕೂ ಹೆಚ್ಚು ಸಹಿಗಳು. 2001ರಲ್ಲಿ ಕಾನೂನು ತಿದ್ದುಪಡಿಯಾಯಿತು. ಹೀಗೆ ಅಪಾಯಕಾರಿಯಾಗಿ ಓಡಿಸಿ ಸಾವಿಗೆ ಕಾರಣನಾದವನಿಗೆ 15 ವರ್ಷದವರೆಗೆ ಸೆರೆ ಎಂದಾಯಿತು. 2002ರಲ್ಲಿ ಮಿತಿ 50ರಿಂದ 30ಕ್ಕೆ ಇಳಿಯಿತು. ಉಸಿರಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಲೀಟರ್ ಉಸಿರಿನಲ್ಲಿ 0.25 ಮಿಲಿಗ್ರಾಂ ಇದ್ದದ್ದು 0.15 ಆಯಿತು.

ಅಲ್ಲಿಗೂ ನಿಲ್ಲಲಿಲ್ಲ. 2006ರ ಆಗಸ್ಟಿನಲ್ಲಿ ಫುಕುವೊಕಾ ಊರಿನಲ್ಲಿ ಸೇತುವೆಯ ಮೇಲೆ ಕುಡಿದವನ ಕಾರು ಗುದ್ದಿ ಇನ್ನೊಂದು ಕುಟುಂಬದ ಗಾಡಿ ಸಮುದ್ರಕ್ಕೆ ಬಿತ್ತು. ಮೂರು ಮಕ್ಕಳು ಹೋದರು. ಮಾರನೆಯ ವರ್ಷ ಜಪಾನ್ ಮತ್ತೆ ಕಾನೂನು ತಿದ್ದಿತು. ಈ ಸಲ ಅಂಕಿ ಮುಟ್ಟಲಿಲ್ಲ, ಸುತ್ತಲಿನವರನ್ನು ಮುಟ್ಟಿತು. ಕುಡಿದವನಿಗೆ ಗಾಡಿ ಕೊಟ್ಟವರು, ಗಾಡಿ ಓಡಿಸುತ್ತಾನೆ ಎಂದು ತಿಳಿದೂ ಮದ್ಯ ಕೊಟ್ಟವರು, ಕುಡಿದಿದ್ದಾನೆ ಎಂದು ಗೊತ್ತಿದ್ದೂ "ನನ್ನನ್ನೂ ಬಿಡು" ಎಂದು ಕೇಳಿ ಹತ್ತಿ ಕೂತವರು, ಎಲ್ಲರಿಗೂ ಶಿಕ್ಷೆ. ಪಕ್ಕದಲ್ಲಿ ಕೂತವನಿಗೆ ಮೂರು ವರ್ಷದವರೆಗೆ ಸೆರೆಯಾಗಬಹುದು. 2000ದಲ್ಲಿ ಆ ದೇಶದಲ್ಲಿ ಕುಡಿದು ಓಡಿಸಿದವರಿಂದಾದ ಸಾವಿನ ಅಪಘಾತಗಳು ಸಾವಿರಕ್ಕೂ ಮೇಲಿದ್ದವು. ಈಚಿನ ವರ್ಷಗಳಲ್ಲಿ ಇನ್ನೂರರ ಒಳಗೆ ಬಂದಿವೆ. ಅಲ್ಲಿ 'ದೈಕೋ' ಎಂಬ ಒಂದು ವ್ಯವಸ್ಥೆ ಇದೆ, ಮಕ್ಕಳಿಗೆ ಇಷ್ಟವಾಗಬಹುದು. ಫೋನ್ ಮಾಡಿದರೆ ಒಂದು ಕಾರಿನಲ್ಲಿ ಇಬ್ಬರು ಬರುತ್ತಾರೆ. ಒಬ್ಬ ನಿಮ್ಮ ಕಾರನ್ನು ನಿಮ್ಮನ್ನು ಕೂರಿಸಿಕೊಂಡು ಮನೆಗೆ ಓಡಿಸುತ್ತಾನೆ, ಇನ್ನೊಬ್ಬ ತಮ್ಮ ಕಾರಿನಲ್ಲಿ ಹಿಂದೆ ಬಂದು ಅವನನ್ನು ವಾಪಸ್ ಕರೆದೊಯ್ಯುತ್ತಾನೆ.

ನನ್ನನ್ನು ಕೇಳಿದರೆ, ನಮ್ಮ 30ನ್ನೂ ಇಳಿಸಬೇಕು. 20 ಮಾಡಲಿ, ಇಲ್ಲವೇ 1988ರ ಹಳೆಯ ಮಾತನ್ನೇ ವಾಪಸ್ ತರಲಿ. "ಎರಡೇ", "ಒಂದೇ" ಎಂಬ ಲೆಕ್ಕಕ್ಕೆ ಜಾಗವೇ ಇರಬಾರದು. 2019ರಿಂದ ಮೊದಲ ತಪ್ಪಿಗೆ ದಂಡ 2,000ದಿಂದ 10,000 ರೂಪಾಯಿಗೆ ಏರಿತು, ಆರು ತಿಂಗಳು ಸೆರೆಯೂ ಆಗಬಹುದು. ಸರಿ. ಆದರೆ ದೊಡ್ಡ ಊರಿನಲ್ಲಿ ಶನಿವಾರ ರಾತ್ರಿ ಊದಿಸುತ್ತಾರೆ, ಸಣ್ಣ ಊರಿನ ರಸ್ತೆಯಲ್ಲಿ ಮಂಗಳವಾರ ಯಾರು ಊದಿಸುತ್ತಾರೆ? ಆ ಯಂತ್ರಗಳು ಹೋಬಳಿಯವರೆಗೆ ಹೋಗಲಿ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಎಂದು ನಮ್ಮ ಕಾಯಿದೆಯ 188ನೇ ಕಲಮಿನಲ್ಲೂ ಇದೆ. ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತವನ ಹೆಸರು ಹಾಗೆ ಎತ್ತಿ ಹೇಳಿಲ್ಲ.

ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತವನು ನಾನು.

1984. ಆಗ ನಾನು ಅರಸೀಕೆರೆ ಕಡೆಯ ಒಂದು ಶಾಖೆಯಲ್ಲಿದ್ದೆ. ಅಕೌಂಟೆಂಟರಿಗೆ ವರ್ಗವಾಗಿ, ಲಾಡ್ಜೊಂದರ ಮಹಡಿಯ ಮೇಲೆ ಬೀಳ್ಕೊಡುಗೆ ಊಟ. ನಾನು ಕುಡಿಯುವವನಲ್ಲ, ಊಟ ಮಾಡಿ ಕಾದೆ. ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ನಮ್ಮ ಹೆಡ್ ಕ್ಯಾಷಿಯರ್ ಬಳಿ ಸ್ಕೂಟರ್ ಇತ್ತು, ಅವರ ಮನೆ ನಮ್ಮ ಬೀದಿಯ ಆಚೆ. "ಸಾರ್, ನನ್ನನ್ನೂ ಬಿಡ್ತೀರಾ?" ಎಂದು ಕೇಳಿದವನು ನಾನೇ. ಸ್ಟಾರ್ಟ್ ಮಾಡುವಾಗ ಅವರ ಕಾಲು ಎರಡು ಸಲ ಜಾರಿತು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ, "ಎರಡೇ ಕಣಯ್ಯಾ, ನನಗೇನೂ ಆಗಿಲ್ಲ, ಕೂತ್ಕೋ" ಎಂದರು. ನನಗಿಂತ ದೊಡ್ಡವರು. ಕೆಟ್ಟವರಲ್ಲ, ನನ್ನ ತಂಗಿಯ ಮದುವೆಗೆ ಕೇಳದೆಯೇ ಕೈಸಾಲ ಕೊಟ್ಟಿದ್ದವರು. "ಬೇಡ ಸಾರ್, ನಡೆದುಕೊಂಡು ಹೋಗೋಣ" ಎನ್ನಲು ಸಂಕೋಚವಾಯಿತು. ಮನೆ ಎರಡು ಮೈಲಿಯೂ ಇರಲಿಲ್ಲ. ಕೂತೆ.

ತೆಂಗಿನ ತೋಟದ ತಿರುವಿನಲ್ಲಿ ಒಬ್ಬರು ಸೈಕಲ್ಲಿನ ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡು ಹೋಗುತ್ತಿದ್ದರು. ನನಗೆ ಕಾಣಿಸಿತು. ಅವರಿಗೆ ಕಾಣಿಸಲಿಲ್ಲ, ಅಥವಾ ಕಂಡದ್ದು ಕಾಲಿಗೆ ತಲುಪಲಿಲ್ಲ. "ಸಾರ್!" ಎಂದು ಕೂಗುವಷ್ಟರಲ್ಲಿ ನಾವೂ ಬಿದ್ದೆವು, ಸೈಕಲ್ಲೂ ಹಳ್ಳಕ್ಕೆ ಬಿತ್ತು. ನನ್ನ ಮೊಣಕೈ ತರಚಿತ್ತು, ಅಷ್ಟೇ. ಹಳ್ಳದಲ್ಲಿ ಬಿದ್ದವರಿಗೆ ಮೇಲೇಳಲಾಗಲಿಲ್ಲ. ನಾನು ತೋಟದ ಮನೆಗೆ ಓಡಿ ಚೊಂಬಿನಲ್ಲಿ ನೀರು ತಂದು ಕುಡಿಸಿದೆ. ಅಷ್ಟರಲ್ಲಿ ಒಂದು ಲಾರಿ ಬಂತು, ಅದರಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಮೊಣಕಾಲಿನ ಮೂಳೆ ಒಡೆದಿತ್ತು. ಊರಿನ ಹಿರಿಯರು ಕೂತು ರಾಜಿ ಮಾಡಿಸಿದರು. ಔಷಧದ ಖರ್ಚು ಹೆಡ್ ಕ್ಯಾಷಿಯರ್ ಕೊಟ್ಟರು. ಸೈಕಲ್ಲಿಗೆ ಲೈಟ್ ಇರಲಿಲ್ಲ ಎಂದು ಮಾತಾಯಿತು. ಲೈಟ್ ಇರಲಿಲ್ಲ ಎನ್ನುವುದು ನಿಜವೇ. ಉಳಿದ ನಿಜವನ್ನು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದಾದ ಮೇಲೆ ಹೆಡ್ ಕ್ಯಾಷಿಯರ್ ಸ್ಕೂಟರ್ ಮಾರಿಬಿಟ್ಟರು. ನಾವಿಬ್ಬರೂ ಪಕ್ಕಪಕ್ಕದಲ್ಲಿ ಕೂತು ಎರಡು ವರ್ಷ ಕೆಲಸ ಮಾಡಿದೆವು, ಆ ರಾತ್ರಿಯ ಮಾತು ಒಂದು ಸಲವೂ ಬರಲಿಲ್ಲ.

ಏಳೆಂಟು ತಿಂಗಳಾದ ಮೇಲೆ ಒಂದು ಬೆಳಗ್ಗೆ ಆ ಮನುಷ್ಯ ಕಂಕುಳಿಗೆ ಕೋಲು ಕೊಟ್ಟುಕೊಂಡು ಬ್ಯಾಂಕಿಗೆ ಬಂದರು. ಹಾಲಿನ ಡೇರಿಯ ದುಡ್ಡು ಜಮಾ ಆಗುವ ಉಳಿತಾಯ ಖಾತೆ ಅವರದು. ವಿತ್‌ಡ್ರಾಯಲ್ ಫಾರಂಗೆ ಹೆಬ್ಬೆಟ್ಟು ಒತ್ತಿಸಿಕೊಂಡು ನಾನು ಹಿತ್ತಾಳೆಯ ಟೋಕನ್ ಕೊಟ್ಟೆ. ಅವರು ಹೋಗದೆ ನನ್ನ ಮುಖವನ್ನೇ ನೋಡಿದರು.

"ಅವತ್ತು ನೀರು ತಂದ್ಕೊಟ್ಟೋರು ನೀವೇ ಅಲ್ವಾ ಸ್ವಾಮಿ?"

ನಾನು ಹೌದು ಎಂದೆ.

"ದಾರೀಲಿ ಹೋಗೋರು ನಿಂತು ಅಷ್ಟು ಮಾಡಿದ್ರಲ್ಲ, ದೊಡ್ಡ ಗುಣ" ಎಂದು ಕೈಮುಗಿದರು. ಕೈಮುಗಿಯುವಾಗ ಕೋಲು ಜಾರಿ ನೆಲಕ್ಕೆ ಬಿತ್ತು. ನಾನು ಕೌಂಟರಿನ ಆಚೆಗೆ ಬಂದು ಎತ್ತಿಕೊಟ್ಟೆ. ದಾರಿಯಲ್ಲಿ ಹೋಗುತ್ತಿದ್ದವನಲ್ಲ, ಆ ಸ್ಕೂಟರಿನ ಮೇಲೇ ಇದ್ದವನು ಎಂದು ಹೇಳಲು ಆಗ ಒಂದು ನಿಮಿಷ ಸಾಕಾಗುತ್ತಿತ್ತು. ಹಿಂದೆ ಸಾಲಿನಲ್ಲಿ ಜನ ಇದ್ದರು. ಆಮೇಲೆ ವರ್ಗವಾಗುವವರೆಗೆ ಪ್ರತಿ ತಿಂಗಳೂ ಅವರು ಬಂದರು, ಪ್ರತಿ ತಿಂಗಳೂ ಕೈಮುಗಿದರು.

ಮೊಮ್ಮಗ ಪೆನ್ಸಿಲ್ ಕೆಳಗಿಟ್ಟು ಕೇಳುತ್ತಿದ್ದ.

"ನೀವು ಹೇಳಲೇ ಇಲ್ವಾ ತಾತ?"

"ಇಲ್ಲ."

"ಅವ್ರ ಹೆಸ್ರು ಜ್ಞಾಪಕ ಇದ್ಯಾ?"

ಹೆಸರೂ ಇದೆ, ಖಾತೆಯ ನಂಬರೂ ಇದೆ. ಇಲ್ಲಿ ಬರೆಯುವುದಿಲ್ಲ. ಅವನಿಗೆ ಹೇಳಿದೆ. ನಾವು ಲೆಕ್ಕ ಮಾಡಿದ್ದ ಕಾಗದದ ಹಿಂಬದಿಯಲ್ಲಿ ಅವನು ಅದನ್ನು ಬರೆದುಕೊಂಡ. ದೀಪಾವಳಿ ರಜದಲ್ಲಿ ಅರಸೀಕೆರೆ ಕಡೆ ಹೋಗಿ ಕೇಳಿ ನೋಡೋಣ, ಅವರ ಮನೆಯವರು ಯಾರಾದರೂ ಸಿಗಬಹುದು ಎಂದಿದ್ದಾನೆ. ರೈಲಿನಲ್ಲಿ ಹೋಗೋಣ ಎಂದೆ.